ಪ್ರಿಮೊಜ್: ಒಂದು ಸ್ಲೊವೀನ್ ಹೆಸರಿನ ಚರಿತ್ರೆ

ಪಾಠಶಾಲೆಯಲ್ಲಿ ಉಪಾಧ್ಯಾಯನು ದಿನವೂ ಮಾಡುವ ಮೊದಲ ಕೆಲಸ ಹಾಜರಿ ಕೂಗುವುದು, ಪಾಠ ಅನಂತರದ್ದು. ಹಾಜರಿ ಪುಸ್ತಕದಲ್ಲಿ ಬರೆದಿರುವ ಹೆಸರಿಗೂ ಮನೆಯಂಗಳದಲ್ಲಿ ತಾಯಿ ಕರೆಯುವ ಹೆಸರಿಗೂ ಎಷ್ಟು ಅಂತರವಿರಬಹುದೆಂಬುದನ್ನು ಗಡಿನಾಡಿನಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾದುದಿಲ್ಲ. ಮನೆಯಲ್ಲಿ ಒಂದು ರೂಪ, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪ್ರಮಾಣಪತ್ರದಲ್ಲಿ ಅಚ್ಚಾಗಿ ಬರುವಾಗ ಮತ್ತೊಂದು. ಈ ಅಂತರ ಕೆಲವೊಮ್ಮೆ ಲಿಪಿಯಿಂದ ಬಂದದ್ದು, ಕೆಲವೊಮ್ಮೆ ಅಜಾಗ್ರತೆಯಿಂದ ಬಂದದ್ದು. ಲೋಕದ ಕೆಲವು ಕಡೆ ಬೇಕೆಂದೇ, ಕಾನೂನಿನ ಬಲದಿಂದ ತಂದದ್ದೂ ಉಂಟು. ಈ ಮೂರು ಬಗೆಯನ್ನೂ ಒಂದೇ ಹೆಸರಿನ ಚರಿತ್ರೆಯಲ್ಲಿ ಕಾಣಬೇಕಾದರೆ ನಾವು ಯೂರೋಪು ಖಂಡದ ಒಂದು ಚಿಕ್ಕ ನಾಡಿಗೆ ಹೋಗಬೇಕು. ಆ ಹೆಸರು ಪ್ರಿಮೊಜ್. ಆ ನಾಡು ಸ್ಲೊವೇನಿಯಾ.

ಸ್ಲೊವೇನಿಯಾ ೧೯೯೧ನೆಯ ಇಸವಿ ಜೂನ್ ತಿಂಗಳಲ್ಲಿ ಸ್ವತಂತ್ರವಾದ ರಾಜ್ಯ. ಅದರ ಜನಸಂಖ್ಯೆ ಇಪ್ಪತ್ತೊಂದು ಲಕ್ಷದ ಆಸುಪಾಸಿನದು. ಪಡುವಣಕ್ಕೆ ಇಟಲಿ, ಬಡಗಣಕ್ಕೆ ಆಸ್ಟ್ರಿಯಾ, ಈಶಾನ್ಯಕ್ಕೆ ಹಂಗೆರಿ, ದಕ್ಷಿಣ ಪೂರ್ವಗಳಿಗೆ ಕ್ರೊಯೇಷಿಯಾ. ಸ್ಲೊವೀನ್ ನುಡಿ ಸ್ಲಾವಿಕ್ ಕುಲಕ್ಕೆ ಸೇರಿದ್ದು; ಸಂಸ್ಕೃತದಲ್ಲಿರುವಂತೆ ಏಕವಚನ, ದ್ವಿವಚನ, ಬಹುವಚನ ಎಂಬ ಮೂರು ವಚನಗಳನ್ನೂ ಇಂದಿಗೂ ಮಾತಿನಲ್ಲಿ ಉಳಿಸಿಕೊಂಡು ಬಂದಿದೆ. ಒಬ್ಬ ಹುಡುಗ ಪ್ರಿಮೊಜ್, ಆ ಹೆಸರಿನವರು ಇಬ್ಬರಿದ್ದರೆ ಪ್ರಿಮೊಜಾ, ಮೂವರಾದರೆ ಪ್ರಿಮೊಜಿ. ಈ ನುಡಿಯಾಡುವವರೆಲ್ಲರೂ ಸ್ಲೊವೇನಿಯಾದ ಗಡಿಯೊಳಗೇ ಇಲ್ಲ. ಇಟಲಿಯ ತ್ರಿಯೆಸ್ತೆ ಮತ್ತು ಗೊರಿತ್ಸಿಯಾ ಸೀಮೆಗಳಲ್ಲಿ, ಆಸ್ಟ್ರಿಯಾದ ಕರಿಂಥಿಯಾದಲ್ಲಿ, ಹಂಗೆರಿಯ ಪಡುವಣ ಅಂಚಿನಲ್ಲಿ ಸ್ಲೊವೀನರು ತಲೆಮಾರುಗಳಿಂದ ನೆಲೆಸಿದ್ದಾರೆ. ಗಡಿನಾಡ ಉಪಾಧ್ಯಾಯರಾದ ನಮಗೆ ಈ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಲು ಇದೂ ಒಂದು ಕಾರಣ.

ಉಚ್ಚಾರಣೆಯನ್ನು ಕುರಿತು ಮೊದಲೇ ಒಂದು ಮಾತು. ಈ ಹೆಸರಿನ ಕೊನೆಯ ವ್ಯಂಜನಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಶಕಾರವು ಅಘೋಷ, ಅದನ್ನೇ ಘೋಷವಾಗಿ ನುಡಿದರೆ ಹುಟ್ಟುವ ಧ್ವನಿ ಇದು. 'ಟೆಲಿವಿಷನ್' ಎಂಬ ಪದದ ನಡುವೆ ಇಂಗ್ಲಿಷರು ನುಡಿಯುವ ಧ್ವನಿಯೇ ಇದೆಂದು ತಿಳಿದರೆ ಸಾಕು. ಈ ಲೇಖನದ ಸ್ಲೊವೀನ್ ಪದಗಳಲ್ಲಿ ಬರುವ ಜಕಾರವನ್ನು ಆ ಧ್ವನಿಯ ಗುರುತಾಗಿ ವಾಚಕರು ಗ್ರಹಿಸಬೇಕು. ಪದಾಂತ್ಯದಲ್ಲಿ ನಿಂತಾಗ ಸ್ಲೊವೀನರ ಬಾಯಲ್ಲಿ ಇದು ಘೋಷವನ್ನು ಕಳೆದುಕೊಂಡು 'ಪ್ರಿಮೊಶ್' ಎಂದೇ ಕೇಳುತ್ತದೆ. ವಿಭಕ್ತಿ ಪ್ರತ್ಯಯ ಹತ್ತಿದೊಡನೆ ಘೋಷ ಮರಳಿ ಬರುತ್ತದೆ. ಮುಂದಿನ ಕಥೆಯ ಬಹುಭಾಗ ಈ ಒಂದು ಧ್ವನಿಯನ್ನೇ ಸುತ್ತಿಕೊಂಡಿದೆ.

೧. ಹೆಸರಿನ ಮೂಲ

ಪ್ರಿಮೊಜ್ ಎಂಬುದರ ಮೂಲ ಲ್ಯಾಟಿನ್ ಭಾಷೆಯ ಪ್ರಿಮುಸ್. ಅದರ ಅರ್ಥ 'ಮೊದಲನೆಯವನು'. ಸಂಖ್ಯೆಯನ್ನು ಹೆಸರಾಗಿಸಿಕೊಳ್ಳುವುದು ರೋಮನರಲ್ಲಿ ರೂಢಿಯಾಗಿದ್ದ ಪದ್ಧತಿ. ಸೆಕುಂದುಸ್ ಎಂದರೆ ಎರಡನೆಯವನು, ಕ್ವಿಂತುಸ್ ಐದನೆಯವನು, ಸೆಕ್ಸ್ತುಸ್ ಆರನೆಯವನು. ಪ್ರಿಮುಸ್ ಎಂಬುದು ಶ್ರೀಮಂತರಲ್ಲಿಯೂ ಗುಲಾಮರಲ್ಲಿಯೂ ಕಾಣಬರುವ ಸಾಮಾನ್ಯ ನಾಮ.

ಈ ಅರ್ಥ ಸ್ಲೊವೀನರ ಕಿವಿಗೆ ತಾನಾಗಿ ಹೊಳೆಯುವಂಥದಲ್ಲ. ಅವರ ನುಡಿಯಲ್ಲಿ 'ಮೊದಲನೆಯದು' ಎಂಬುದಕ್ಕೆ ಬಳಕೆಯಲ್ಲಿರುವ ಪದ 'ಪ್ರ್‍ವಿ'. ಅದು ನಮ್ಮ ಸಂಸ್ಕೃತದ 'ಪೂರ್ವ' ಶಬ್ದದ ದಾಯಾದಿ. ಆದ್ದರಿಂದ ಮಗನಿಗೆ ಪ್ರಿಮೊಜ್ ಎಂದು ಹೆಸರಿಟ್ಟ ಹಳ್ಳಿಯ ತಂದೆ 'ಇವನು ನನ್ನ ಮೊದಲ ಮಗ' ಎಂದು ಸಾರುತ್ತಿರಲಿಲ್ಲ. ಅವನು ನೆನೆಯುತ್ತಿದ್ದುದು ಒಬ್ಬ ಸಂತನನ್ನು.

ಆ ಸಂತ ಪ್ರಿಮುಸ್. ಕ್ರೈಸ್ತ ಪರಂಪರೆಯಂತೆ ಪ್ರಿಮುಸ್ ಮತ್ತು ಫೆಲಿಸಿಯಾನುಸ್ ಎಂಬುವರು ಅಣ್ಣತಮ್ಮಂದಿರು. ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದಲ್ಲಿ ಧರ್ಮಕ್ಕಾಗಿ ಪ್ರಾಣ ತೆತ್ತವರು. ೬೪೮ರಲ್ಲಿ ಪೋಪ್ ಮೊದಲನೆಯ ಥಿಯೊಡೋರನು ಅವರ ಅಸ್ಥಿಗಳನ್ನು ನಗರದ ಹೊರಗಿನ ಸಮಾಧಿಯಿಂದ ರೋಮಿನೊಳಗಿನ ಸಂತ ಸ್ತೆಫಾನನ ವರ್ತುಲಾಕಾರದ ದೇವಾಲಯಕ್ಕೆ ತರಿಸಿದನು. ಅಲ್ಲಿ ಇಬ್ಬರ ಕುಸುರಿಗಲ್ಲಿನ ಚಿತ್ರ ಇಂದಿಗೂ ಇದೆ. ಜೂನ್ ೯ ಅವರ ಹಬ್ಬದ ದಿನ.

೨. ಪ್ರಿಮುಸ್ ಪ್ರಿಮೊಜ್ ಆದ ಬಗೆ

ಲ್ಯಾಟಿನ್ನಿನ ಸಕಾರ ಸ್ಲೊವೀನಿನಲ್ಲಿ ಈ ವಿಲಕ್ಷಣ ಧ್ವನಿಯಾದುದು ಹೇಗೆ? ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಓದಿ ಬೆಳೆದ ಕನ್ನಡ ಪಂಡಿತರಿಗೆ ಈ ಪ್ರಶ್ನೆ ಹೊಸದಲ್ಲ. ಶಶಿ ಸಸಿಯಾಗುವುದೂ, ಯಶ ಜಸವಾಗುವುದೂ, ಲಕ್ಷ್ಮಣನು ಲಕ್ಕಣನಾಗುವುದೂ ನಾವು ಬಲ್ಲ ಸಂಗತಿಗಳೇ. ಇಂಥ ಮಾರ್ಪಾಡು ಬಾಯಿ ತಪ್ಪಿ ಆದುದಲ್ಲ. ಅದಕ್ಕೊಂದು ನಿಯಮವಿರುತ್ತದೆ, ಆ ನಿಯಮಕ್ಕೊಂದು ಕಾಲವಿರುತ್ತದೆ.

ಸ್ಲೊವೀನಿನಲ್ಲಿಯೂ ಹಾಗೆಯೇ. ಪ್ರಿಮೊಜ್ ಒಂಟಿ ಉದಾಹರಣೆಯಲ್ಲ. ಥೊಮಾಸ್ ತೊಮಾಜ್ ಆಗಿದೆ. ಮತ್ತಿಯಾಸ್ ಮತ್ಯಾಜ್ ಆಗಿದೆ. ಅಂದ್ರೆಯಾಸ್ ಅಂದ್ರಾಜ್, ಬ್ಲಾಸಿಯುಸ್ ಬ್ಲಾಜ್, ಅಂಬ್ರೊಸಿಯುಸ್ ಅಂಬ್ರೊಜ್, ನಿಕೊಲಾವುಸ್ ಮಿಕ್ಲಾವ್ಜ್. ಹೆಸರುಗಳಲ್ಲಿ ಮಾತ್ರವಲ್ಲ, ಜರ್ಮನ್ನಿನಿಂದ ಬಂದ ಮನೆಮಾತಿನ ಪದಗಳಲ್ಲಿಯೂ ಇದೇ ಮಾರ್ಪಾಡು. ರೇಷ್ಮೆಗೆ 'ಜಿದಾ', ಸಾರಿಗೆ 'ಜುಪಾ', ಆಶೀರ್ವಾದಕ್ಕೆ 'ಜೆಗೆನ್'. ಈ ಮೂರರ ಜರ್ಮನ್ ಮೂಲಗಳೂ ಬರವಣಿಗೆಯಲ್ಲಿ ಸಕಾರದಿಂದ ಆರಂಭವಾಗುವುವು.

ಇದಕ್ಕೆ ಕಾರಣ ಹಳೆಯ ಜರ್ಮನ್ನಿನ ಉಚ್ಚಾರಣೆ. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ನೆಲೆಸಿದ ಸ್ಲಾವ ಜನರಿಗೆ ಕ್ರೈಸ್ತಮತದ ಮಾತುಗಳು ಬಹುಮಟ್ಟಿಗೆ ಜರ್ಮನ್ ನುಡಿಯ ಪಾದ್ರಿಗಳ ಬಾಯಿಂದ ಕೇಳಿಬಂದುವು. ಅಂದಿನ ಜರ್ಮನರು ಸಕಾರವನ್ನು ನಾಲಗೆಯನ್ನು ಹಿಂದಕ್ಕೆ ಸರಿಸಿ ನುಡಿಯುತ್ತಿದ್ದರು. ಅದು ಸಕಾರಕ್ಕೂ ಶಕಾರಕ್ಕೂ ನಡುವಣ ಧ್ವನಿ. ಕೇಳಿದ ಸ್ಲಾವರ ಕಿವಿಗೆ ಅದು ತಮ್ಮ ಸಕಾರವಾಗಿ ಕೇಳಿಸಲಿಲ್ಲ. ಶಕಾರದ ವರ್ಗಕ್ಕೆ ಸೇರಿದುದಾಗಿ ಕೇಳಿಸಿತು. ಕೇಳಿದಂತೆಯೇ ನುಡಿದರು. ಜರ್ಮನ್ನಿನ ಆ ಹಳೆಯ ಉಚ್ಚಾರಣೆ ತರುವಾಯ ಮಾಯವಾಯಿತು. ಅದರ ಮುದ್ರೆ ಮಾತ್ರ ಸ್ಲೊವೀನರ ಹೆಸರುಗಳಲ್ಲಿ ಉಳಿಯಿತು. ಹೀಗೆ ಪ್ರಿಮೊಜ್ ಎಂಬುದರ ಕೊನೆಯ ವ್ಯಂಜನವು ಮಧ್ಯಯುಗದಲ್ಲಿ ಎರಡು ನುಡಿಗಳು ಎದುರುಬದುರು ನಿಂತು ಮಾತಾಡಿದುದಕ್ಕೆ ಒಂದು ಶಾಸನವಿದ್ದಂತೆ. ಇದನ್ನು 'ಅಶುದ್ಧ ಪ್ರಿಮುಸ್' ಎನ್ನುವುದು, ಲಕ್ಕಣನನ್ನು 'ಅಶುದ್ಧ ಲಕ್ಷ್ಮಣ' ಎಂದಷ್ಟೇ ಅವಿಚಾರದ ಮಾತಾದೀತು.

೩. ಸಂತನೂ ನಾಡೂ

ರೋಮಿನ ಸಂತನು ಈ ಬೆಟ್ಟಸೀಮೆಗೆ ಬಂದ ದಾರಿಯನ್ನೂ ಸ್ವಲ್ಪ ಮಟ್ಟಿಗೆ ಗುರುತಿಸಬಹುದು. ಇಂದಿನ ಆಸ್ಟ್ರಿಯಾದ ಕರಿಂಥಿಯಾ ಪ್ರಾಂತದಲ್ಲಿ ವೊರ್ತ್ ಸರೋವರದ ದಡದ ಮೇಲೆ ಮರಿಯಾ ವೊರ್ತ್ ಎಂಬ ಊರಿದೆ. ಸ್ಲೊವೀನಿನಲ್ಲಿ ಅದರ ಹೆಸರು ಓತೊಕ್, ಎಂದರೆ ದ್ವೀಪ. ಒಂಬತ್ತನೆಯ ಶತಮಾನದಲ್ಲಿ ಬವೇರಿಯಾದ ಫ್ರೈಸಿಂಗ್ ನಗರದ ಬಿಷಪ್ಪರ ಆಡಳಿತವು ಅಲ್ಲಿ ಪ್ರಿಮುಸ್ ಮತ್ತು ಫೆಲಿಸಿಯಾನುಸ್ ಸಂತರ ಅವಶೇಷಗಳನ್ನಿರಿಸಿ ದೇವಾಲಯ ಕಟ್ಟಿಸಿತು. ಫ್ರೈಸಿಂಗಿನ ಹೆಸರನ್ನು ಸ್ಲೊವೀನ್ ಸಾಹಿತ್ಯ ಚರಿತ್ರೆಯನ್ನು ಓದಿದವರು ಮರೆಯುವಂತಿಲ್ಲ. ಸ್ಲೊವೀನಿನ ಅತಿ ಪ್ರಾಚೀನ ಬರಹವೆಂದು ಎಣಿಸಲ್ಪಟ್ಟ, ಹತ್ತು ಹನ್ನೊಂದನೆಯ ಶತಮಾನಗಳ ಸಂಧಿಕಾಲಕ್ಕೆ ಸೇರುವ ಮೂರು ಚಿಕ್ಕ ಧಾರ್ಮಿಕ ಪಾಠಗಳು ಫ್ರೈಸಿಂಗ್ ಹಸ್ತಪ್ರತಿಗಳೆಂದೇ ಪ್ರಸಿದ್ಧವಾಗಿವೆ. ೯೭೩ರಲ್ಲಿ ಚಕ್ರವರ್ತಿ ಎರಡನೆಯ ಒಟ್ಟೋ ಇಂದಿನ ಸ್ಲೊವೇನಿಯಾದ ಶ್ಕೋಫ್ಯಾ ಲೋಕಾ ಸೀಮೆಯನ್ನು ಇದೇ ಬಿಷಪ್ಪರಿಗೆ ದತ್ತಿಯಾಗಿ ಕೊಟ್ಟನು. ಸಂತನೂ, ಬರಹವೂ, ಭೂದಾನವೂ ಒಂದೇ ಮಠದ ಬಾಗಿಲಿನಿಂದ ಹೊರಟು ಈ ನಾಡಿಗೆ ಬಂದಂತಾಯಿತು.

ಲ್ಯುಬ್ಲ್ಯಾನಾ ನಗರಕ್ಕೆ ಉತ್ತರದಲ್ಲಿ ಕಾಮ್ನಿಕ್ ಎಂಬ ಹಳೆಯ ಪೇಟೆಯಿದೆ. ಅದರ ಮೇಲಣ ಬೆಟ್ಟದಲ್ಲಿ, ಎಂಟುನೂರು ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ, ಸಂತ ಪ್ರಿಮೊಜನ ಯಾತ್ರಾಸ್ಥಳ. ಅಲ್ಲಿಯ ಗೋಡೆಗಳ ಮೇಲೆ ೧೫೦೪ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಪೂರ್ವದ ಅರಸರು ಶಿಶುವನ್ನು ಕಾಣಲು ಪರಿವಾರಸಮೇತ ಬರುವ ಮೆರವಣಿಗೆ ಒಂದು ಕಡೆ. ಪಿಡುಗು, ದಂಡು ಮೊದಲಾದ ಆಪತ್ತುಗಳಿಂದ ಜನರನ್ನು ತನ್ನ ಮೇಲುದದ ಮರೆಯಲ್ಲಿ ಕಾಯುವ ಮಾತೆ ಮರಿಯಾ ಇನ್ನೊಂದು ಕಡೆ. ಅಕ್ಷರ ಬಾರದ ಒಕ್ಕಲುಮಕ್ಕಳಿಗೆ ಈ ಗೋಡೆಗಳೇ ಗ್ರಂಥವಾಗಿದ್ದುವು. ಪ್ರಿಮೊಜ್ ಎಂಬ ಹೆಸರು ಅವರ ಪಾಲಿಗೆ ಲ್ಯಾಟಿನ್ ಸಂಖ್ಯಾವಾಚಕವಲ್ಲ. ಹತ್ತಿ ಇಳಿದ ಬೆಟ್ಟ, ನೋಡಿದ ಚಿತ್ರ, ಕೇಳಿದ ಗಂಟೆಯ ನಾದ.

ಮಗು ಹುಟ್ಟಿದ ದಿನಕ್ಕೆ ಸಮೀಪವಾದ ಸಂತನ ಹಬ್ಬವನ್ನು ಪಂಚಾಂಗದಲ್ಲಿ ನೋಡಿ ಆ ಸಂತನ ಹೆಸರಿಡುವುದು ಕ್ಯಾಥೊಲಿಕ್ ಯೂರೋಪಿನಲ್ಲಿ ವ್ಯಾಪಕವಾಗಿದ್ದ ರೂಢಿ. ಹೆಸರನ್ನು ತಂದೆತಾಯಿ ಆರಿಸುವುದಕ್ಕಿಂತ ಹೆಚ್ಚಾಗಿ, ಮಗುವೇ ಅದನ್ನು ಹೊತ್ತು ತರುವುದೆಂದು ಭಾವನೆ. ಸ್ಲೊವೀನ್ ಹಳ್ಳಿಗಳಲ್ಲಿ ಹುಟ್ಟಿದ ದಿನಕ್ಕಿಂತ ಹೆಸರಿನ ಸಂತನ ದಿನವನ್ನೇ ಹೆಚ್ಚು ಸಡಗರದಿಂದ ಆಚರಿಸುತ್ತಿದ್ದರು. ಜೂನ್ ತಿಂಗಳ ಮೊದಲ ಭಾಗದಲ್ಲಿ ಹುಟ್ಟಿದ ಗಂಡುಮಗುವಿಗೆ ಪ್ರಿಮೊಜ್ ಎಂಬ ಹೆಸರು ಹೀಗೆ ಸಹಜವಾಗಿ ದೊರೆಯುತ್ತಿತ್ತು. ತಂದೆಯ ಹೆಸರಿನಿಂದ ಮನೆತನದ ಹೆಸರು ಹುಟ್ಟುವ ಕಾಲಕ್ಕೆ 'ಪ್ರಿಮೊಜಿಚ್' ಎಂಬ ಮನೆತನಗಳೂ ಆದುವು; ಪ್ರಿಮೊಜನ ಮಗನೆಂದು ಅದರ ಅರ್ಥ.

೪. ಪ್ರಿಮೊಜ್ ತ್ರೂಬಾರ್

ಹೆಸರು ಬೆಟ್ಟದ ಗುಡಿಯಿಂದ ನಾಡಿನ ಚರಿತ್ರೆಗೆ ಬಂದುದು ಒಬ್ಬ ವ್ಯಕ್ತಿಯಿಂದ. ಆತನೇ ಪ್ರಿಮೊಜ್ ತ್ರೂಬಾರ್. ಲ್ಯುಬ್ಲ್ಯಾನಾಕ್ಕೆ ದಕ್ಷಿಣದಲ್ಲಿರುವ ವೇಲಿಕೆ ಲಾಶ್ಚೆಯ ಸಮೀಪದ ರಾಶಿತ್ಸಾ ಎಂಬ ಹಳ್ಳಿಯಲ್ಲಿ ೧೫೦೮ರಲ್ಲಿ ಜನಿಸಿದನು. ಜನ್ಮದಿನವನ್ನು ಬರೆದಿಟ್ಟ ದಾಖಲೆ ಇಲ್ಲ. ಜೂನ್ ತಿಂಗಳಿನ ೮ ಅಥವಾ ೯ನೆಯ ದಿನವೆಂದು ವಿದ್ವಾಂಸರು ಹೇಳುವುದಕ್ಕೆ ಅವನ ಹೆಸರೇ ಆಧಾರ. ಸಾಮಾನ್ಯವಾಗಿ ದಿನ ನೋಡಿ ಹೆಸರಿಡುವರು. ಇಲ್ಲಿ ಹೆಸರು ನೋಡಿ ದಿನ ಕಂಡುಕೊಂಡರು.

ರಿಯೆಕಾ, ಸಾಲ್ಜ್‌ಬರ್ಗ್ ನಗರಗಳಲ್ಲಿ ಕಲಿತು, ತ್ರಿಯೆಸ್ತೆಯ ಬಿಷಪ್ ಪಿಯೆತ್ರೊ ಬೊನೊಮೊನ ಆಶ್ರಯಕ್ಕೆ ಅವನು ಬಂದನು. ಬೊನೊಮೊ ತನ್ನ ಮನೆಯ ತರುಣರಿಗೆ ವರ್ಜಿಲ್ ಮಹಾಕವಿಯನ್ನೂ ಎರಾಸ್ಮಸನ ಗ್ರಂಥಗಳನ್ನೂ ಪಾಠ ಹೇಳುತ್ತಿದ್ದನು. ಇಟಾಲಿಯನ್, ಜರ್ಮನ್ ಭಾಷೆಗಳ ಜೊತೆಗೆ ಸ್ಲೊವೀನಿನಲ್ಲಿಯೂ ಅರ್ಥ ವಿವರಿಸುತ್ತಿದ್ದನು. ಹೊಲಮನೆಗಳ ನುಡಿಯೆಂದು ಎಣಿಸಲ್ಪಟ್ಟ ಮಾತಿನಲ್ಲಿ ಮಹಾಕಾವ್ಯದ ಅರ್ಥ ಹೇಳಬಹುದೆಂಬುದನ್ನು ತ್ರೂಬಾರನು ಕಲಿತದ್ದು ಇಲ್ಲಿಯೇ ಎನ್ನಬಹುದು. ಒಳ್ಳೆಯ ಗುರುವೊಬ್ಬನು ಶಿಷ್ಯನ ಮನೆಮಾತನ್ನು ಪಾಠದ ಕೊಠಡಿಯೊಳಕ್ಕೆ ಬರಗೊಟ್ಟರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಮುಂದೆ ತ್ರೂಬಾರನು ಸುಧಾರಣಾ ಪಂಥಕ್ಕೆ ಒಲಿದನು. ಕಿರುಕುಳ ಹೆಚ್ಚಿದ್ದರಿಂದ ೧೫೪೮ರಲ್ಲಿ ನಾಡು ಬಿಟ್ಟು ಜರ್ಮನಿಗೆ ಹೋಗಿ ರೋಥೆನ್‌ಬುರ್ಗಿನಲ್ಲಿ ಬೋಧಕನಾದನು. ೧೫೫೦ರಲ್ಲಿ ಟ್ಯೂಬಿಂಗನ್ ನಗರದಲ್ಲಿ ಎರಡು ಪುಸ್ತಕಗಳು ಅಚ್ಚಾದುವು. ಒಂದು ಧರ್ಮಪ್ರಶ್ನೋತ್ತರದ ಕತೆಖಿಸ್ಮುಸ್. ಇನ್ನೊಂದು ಅಕ್ಷರ, ಕಾಗುಣಿತಗಳನ್ನು ಕಲಿಸುವ ಅಬೆಸೆದಾರಿಯುಂ. ಸ್ಲೊವೀನ್ ನುಡಿಯಲ್ಲಿ ಅಚ್ಚಾದ ಮೊದಲನೆಯ ಪುಸ್ತಕಗಳು ಇವೇ. ನಾಡಿನ ಪ್ರಥಮ ಮುದ್ರಿತ ಗ್ರಂಥಗಳಲ್ಲಿ ಒಂದು ಮಕ್ಕಳ ಬಾಲಬೋಧೆಯಾಗಿತ್ತೆಂಬುದನ್ನು ಉಪಾಧ್ಯಾಯರು ನೆನಪಿನಲ್ಲಿಡತಕ್ಕದ್ದು.

ಇಲ್ಲೊಂದು ಸೋಜಿಗವಿದೆ. 'ಮೊದಲನೆಯವನು' ಎಂಬ ಅರ್ಥದ ಹೆಸರನ್ನು ಹೊತ್ತವನು ನಾಡಿನ ಮೊದಲನೆಯ ಪುಸ್ತಕವನ್ನು ಬರೆದನು. ಆದರೆ ಆ ಕತೆಖಿಸ್ಮುಸ್‌ನಲ್ಲಿ ಅವನ ಹೆಸರಿಲ್ಲ. ಕಾಲ ಅಪಾಯದ್ದಾಗಿತ್ತು. 'ದೇಶಪ್ರೇಮಿ ಇಲ್ಲಿರಿಯನು' ಎಂಬರ್ಥದ ಲ್ಯಾಟಿನ್ ಗುಪ್ತನಾಮವನ್ನು ಅವನು ಇಟ್ಟುಕೊಂಡನು. ಮುದ್ರಣಸ್ಥಳವನ್ನು ಟ್ಯೂಬಿಂಗನ್ ಎನ್ನದೆ ದೂರದ ಟ್ರಾನ್ಸಿಲ್ವೇನಿಯಾ ಎಂದು ಕಾಣಿಸಿದನು. ತನ್ನ ಹೆಸರನ್ನು ಮರೆಸಿದವನು ತನ್ನ ಜನಕ್ಕೆ ಮಾತ್ರ ಹೆಸರು ಕೊಟ್ಟನು. ಬೇರೆ ಬೇರೆ ಪ್ರಾಂತಗಳಲ್ಲಿ ಚದುರಿ, ಕಾರ್ನಿಯೋಲದವರು, ಸ್ಟೈರಿಯದವರು ಎಂದು ಕರೆಸಿಕೊಳ್ಳುತ್ತಿದ್ದವರನ್ನು 'ಸ್ಲೊವೀನರು' ಎಂಬ ಒಂದೇ ಹೆಸರಿನಿಂದ ಅಚ್ಚಿನಲ್ಲಿ ಸಂಬೋಧಿಸಿದವನು ಅವನೇ.

೧೫೬೧ರಲ್ಲಿ ಲ್ಯುಬ್ಲ್ಯಾನಾಕ್ಕೆ ಮರಳಿ ಪ್ರಾಂತದ ಪ್ರಾಟೆಸ್ಟಂಟ್ ಚರ್ಚಿನ ಮುಖ್ಯಸ್ಥನಾದನು. ೧೫೬೪ರ ಅವನ ಚರ್ಚು ವ್ಯವಸ್ಥಾ ಗ್ರಂಥದಲ್ಲಿ ಮಕ್ಕಳಿಗೆ ಸ್ಲೊವೀನಿನಲ್ಲಿ ಓದುಬರಹ ಕಲಿಸುವ ಏರ್ಪಾಡೂ ಸೇರಿತ್ತು. ಆ ಗ್ರಂಥವೇ ಅವನ ಎರಡನೆಯ ದೇಶಭ್ರಷ್ಟತೆಗೆ ಕಾರಣವಾಯಿತು. ೧೫೬೫ರಲ್ಲಿ ಆರ್ಚ್‌ಡ್ಯೂಕ್ ಕಾರ್ಲನ ಆಜ್ಞೆಯಂತೆ ಮತ್ತೆ ನಾಡು ಬಿಡಬೇಕಾಯಿತು. ೧೫೮೨ರಲ್ಲಿ ಹೊಸ ಒಡಂಬಡಿಕೆಯ ಪೂರ್ಣ ಅನುವಾದವನ್ನು ಪ್ರಕಟಿಸಿ, ೧೫೮೬ರ ಜೂನ್ ೨೮ರಂದು ಟ್ಯೂಬಿಂಗನ್ ಬಳಿಯ ದೆರೆಂಡಿಂಗನ್ನಿನಲ್ಲಿ ಕಣ್ಮುಚ್ಚಿದನು. ಎರಡು ವರ್ಷ ಮೊದಲು, ೧೫೮೪ರಲ್ಲಿ, ಯೂರಿ ದಲ್ಮಾತಿನನ ಸಂಪೂರ್ಣ ಬೈಬಲ್ಲೂ, ಆದಮ್ ಬೊಹೊರಿಚನ ಸ್ಲೊವೀನ್ ವ್ಯಾಕರಣವೂ ಹೊರಬಂದಿದ್ದುವು.

ತರುವಾಯ ಕ್ಯಾಥೊಲಿಕ್ ಪ್ರತಿಸುಧಾರಣೆ ಬಂದಿತು. ಲ್ಯುಬ್ಲ್ಯಾನಾದ ಬಿಷಪ್ ತೊಮಾಜ್ ಹ್ರೆನನ ಕಾಲದಲ್ಲಿ ೧೬೦೦, ೧೬೦೧ರಲ್ಲಿ ಪ್ರಾಟೆಸ್ಟಂಟ್ ಪುಸ್ತಕಗಳನ್ನು ನಗರದಲ್ಲಿ ಸುಟ್ಟರು. ಗ್ರಂಥಕರ್ತನ ಹೆಸರು ಅಗ್ನಿಗೆ ಹೋದರೂ ಅದೇ ಹೆಸರು ಬೆಟ್ಟದ ಗುಡಿಯಲ್ಲಿ ಪೂಜೆಗೊಳ್ಳುತ್ತಲೇ ಇತ್ತು. ತ್ರೂಬಾರನು ಸಂತಪೂಜೆಯನ್ನು ಒಪ್ಪದವನು. ಆದರೆ ಅವನ ಹೆಸರನ್ನು ಮುಂದಿನ ಮೂರು ಶತಮಾನ ಹಳ್ಳಿಯ ಬಾಯಲ್ಲಿ ಕಾಪಾಡಿದುದು ಆ ಸಂತನ ಭಕ್ತರೇ. ನಾಮಧೇಯಗಳ ಚರಿತ್ರೆಯಲ್ಲಿ ಪಂಥಗಳ ಜಗಳ ಎಷ್ಟೋ ಸಲ ಹೀಗೆ ತಾನಾಗಿಯೇ ತೀರ್ಮಾನವಾಗುವುದುಂಟು.

೫. ದಾಖಲೆಯ ಹೆಸರು, ಬಾಯಿಯ ಹೆಸರು

ಈಗ ಹಾಜರಿ ಪುಸ್ತಕದ ಮಾತಿಗೆ ಬರಬಹುದು. ಮದುವೆಗಳನ್ನು ಬರೆದಿಡಬೇಕೆಂದು ಟ್ರೆಂಟಿನ ಧರ್ಮಸಭೆ ೧೫೬೩ರಲ್ಲಿ ವಿಧಿಸಿದಂದಿನಿಂದ ಕ್ಯಾಥೊಲಿಕ್ ಚರ್ಚುಗಳಲ್ಲಿ ದಾಖಲೆ ಪುಸ್ತಕಗಳು ಕ್ರಮಗೊಂಡುವು. ಅವುಗಳ ಭಾಷೆ ಲ್ಯಾಟಿನ್, ಅನಂತರ ಜರ್ಮನ್. ತಾಯಿ ಪ್ರಿಮೊಜ್ ಎಂದು ಹೇಳಿದಳು. ಪಾದ್ರಿ ಪ್ರಿಮುಸ್ ಎಂದು ಬರೆದುಕೊಂಡನು. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಅಂದಿನ ಬರವಣಿಗೆಯ ರೂಢಿಯೇ ಹಾಗೆ. ತ್ರೂಬಾರನೇ ಲ್ಯಾಟಿನ್ ಮತ್ತು ಜರ್ಮನ್ ಬರಹಗಳಲ್ಲಿ ತನ್ನನ್ನು 'ಪ್ರಿಮುಸ್ ತ್ರೂಬೆರ್' ಎಂದು ಕರೆದುಕೊಂಡಿದ್ದಾನೆ. ಆದರೂ ಪರಿಣಾಮವನ್ನು ಗಮನಿಸಬೇಕು: ಶತಮಾನಗಳ ಕಾಲ ಕಾಗದದಲ್ಲಿದ್ದ ಹೆಸರನ್ನು ಯಾರೂ ಕೂಗಲಿಲ್ಲ, ಕೂಗಿದ ಹೆಸರು ಕಾಗದಕ್ಕೆ ಏರಲಿಲ್ಲ.

ಸ್ಲೊವೀನಿನಲ್ಲಿಯೇ ಬರೆಯಹೊರಟಾಗಲೂ ಆ ಕೊನೆಯ ಧ್ವನಿಗೆ ಅಕ್ಷರ ಸಿಕ್ಕುವುದು ಸುಲಭವಾಗಲಿಲ್ಲ. ಬೊಹೊರಿಚನ ಹೆಸರಿನಿಂದ ಪ್ರಸಿದ್ಧವಾದ ಹಳೆಯ ಲಿಪಿಕ್ರಮದಲ್ಲಿ ಅದನ್ನು ಸಕಾರ ಹಕಾರಗಳೆರಡನ್ನು ಜೊತೆಗೂಡಿಸಿ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಒಂದು ಧ್ವನಿಗೆ ಒಂದೇ ಅಕ್ಷರವಿರಬೇಕೆಂದು ವಾದಿಸಿದವರು ಹೊಸ ಹೊಸ ಲಿಪಿಗಳನ್ನು ಮುಂದಿಟ್ಟರು. ೧೮೨೫ರ ಮೆತೆಲ್ಕೊ ಲಿಪಿ ಅವುಗಳಲ್ಲೊಂದು. ಅದನ್ನು ೧೮೩೩ರಲ್ಲಿ ಶಾಲೆಗಳಿಂದ ತೆಗೆದುಹಾಕಲಾಯಿತು. ಪಂಡಿತರ ನಡುವೆ ನಡೆದ ಈ ಕಲಹಕ್ಕೆ 'ಅಕ್ಷರಮಾಲೆಯ ಯುದ್ಧ' ಎಂದೇ ಹೆಸರಾಗಿದೆ. ಕಡೆಗೆ ಕ್ರೊಯೇಷಿಯಾದ ಲ್ಯುದೆವಿತ್ ಗಾಯಿಯು ರೂಢಿಗೆ ತಂದ ಲಿಪಿಕ್ರಮ ೧೮೪೦ರ ದಶಕದಲ್ಲಿ ಸ್ಲೊವೀನರಲ್ಲಿಯೂ ನೆಲೆಗೊಂಡಿತು. ಅಕ್ಷರದ ತಲೆಯ ಮೇಲೆ ಚಿಕ್ಕದೊಂದು ಕೊಕ್ಕೆಯಿಟ್ಟು ಈ ಧ್ವನಿಯನ್ನು ಬರೆಯುವ ಪದ್ಧತಿ ಅಲ್ಲಿಂದ ಬಂದುದು. ಪ್ರಿಮೊಜ್ ಎಂಬುದು ತನ್ನ ಬಾಯಿಯ ರೂಪದಲ್ಲಿಯೇ ಐದೂವರೆ ಅಕ್ಷರಗಳೆನ್ನದೆ ಪೂರ್ತಿ ಆರು ಅಕ್ಷರಗಳಲ್ಲಿ ಕಾಗದಕ್ಕೆ ಏರುವಂತಾದುದು ಈ ಚಿಕ್ಕ ಕೊಕ್ಕೆಯಿಂದ. ಇಂಥ ಚಿಕ್ಕ ಗುರುತಿಗೆ ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು ಮುಂದಿನ ಶತಮಾನ ತೋರಿಸಿತು.

೬. ಗಡಿಯಲ್ಲಿ ಹೆಸರಿಗೆ ಬಂದ ಆಪತ್ತು

ಮೊದಲನೆಯ ಮಹಾಯುದ್ಧದ ತರುವಾಯ, ೧೯೨೦ರ ರಪಾಲ್ಲೊ ಒಪ್ಪಂದದಂತೆ, ಮೂರು ಲಕ್ಷಕ್ಕೂ ಹೆಚ್ಚು ಮಂದಿ ಸ್ಲೊವೀನರು ಇಟಲಿಯ ಆಳಿಕೆಗೆ ಒಳಪಟ್ಟರು. ಆ ವರ್ಷ ಜುಲೈ ೧೩ರಂದು, ಒಪ್ಪಂದಕ್ಕೆ ಮೊದಲೇ, ತ್ರಿಯೆಸ್ತೆಯಲ್ಲಿದ್ದ ಸ್ಲೊವೀನರ ಸಾಂಸ್ಕೃತಿಕ ಭವನವನ್ನು ಫ್ಯಾಸಿಸ್ಟರು ಸುಟ್ಟಿದ್ದರು. ೧೯೨೩ರ ಶಾಲಾ ಸುಧಾರಣೆಯಿಂದ ಸ್ಲೊವೀನ್ ಮಾಧ್ಯಮದ ಶಾಲೆಗಳು ಕೆಲವೇ ವರ್ಷಗಳಲ್ಲಿ ಇಲ್ಲವಾದುವು. ಸ್ಲೊವೀನ್ ಉಪಾಧ್ಯಾಯರಲ್ಲಿ ಅನೇಕರು ಕೆಲಸ ಕಳೆದುಕೊಂಡರು, ಅನೇಕರನ್ನು ಇಟಲಿಯ ಒಳನಾಡಿಗೆ ವರ್ಗ ಮಾಡಲಾಯಿತು.

ಶಾಲೆಯ ಬಳಿಕ ಹೆಸರಿನ ಸರದಿ. ಮನೆತನದ ಹೆಸರುಗಳನ್ನು ಕುರಿತು ೧೯೨೬ರಲ್ಲಿ ಬೇರೊಂದು ಪ್ರಾಂತಕ್ಕಾಗಿ ಹೊರಡಿಸಿದ ಶಾಸನವನ್ನು ೧೯೨೭ರಲ್ಲಿ ಈ ಗಡಿಸೀಮೆಗೂ ಅನ್ವಯಿಸಿದರು. ಅದರಲ್ಲಿ ಎರಡು ದಾರಿಗಳಿದ್ದುವು. ಮೂಲದಲ್ಲಿ ಇಟಾಲಿಯನ್ ಆಗಿದ್ದು ಆಮೇಲೆ ಕೆಟ್ಟಿತೆಂದು ಅಧಿಕಾರಿಗಳು ಭಾವಿಸಿದ ಹೆಸರನ್ನು ಕಡ್ಡಾಯವಾಗಿ 'ಮರಳಿ ಸ್ಥಾಪಿಸುವುದು' ಒಂದು. ಉಳಿದ ಹೆಸರುಗಳನ್ನು ಅರ್ಜಿಯ ಮೇಲೆ ಇಟಾಲಿಯನ್ ರೂಪಕ್ಕೆ 'ಇಳಿಸುವುದು' ಇನ್ನೊಂದು. ೧೯೨೮ರ ಕಾನೂನು ಮಕ್ಕಳ ಹೆಸರನ್ನೂ ಹಿಡಿಯಿತು. ನಗೆಗೀಡಾದ, ಅಶ್ಲೀಲವಾದ ಹೆಸರುಗಳ ಸಾಲಿಗೆ 'ರಾಷ್ಟ್ರಭಾವನೆಗೆ ನೋವುಂಟುಮಾಡುವ' ಹೆಸರನ್ನೂ ಸೇರಿಸಿ ನಿಷೇಧಿಸಿತು. ಅಪ್ಪನು ಮಗನಿಗಿಟ್ಟ ಹೆಸರು ಯಾವ ರಾಷ್ಟ್ರದ ಭಾವನೆಯನ್ನು ನೋಯಿಸುತ್ತದೆಂದು ನಿರ್ಣಯಿಸುವ ಅಧಿಕಾರ ಕಚೇರಿಯ ಗುಮಾಸ್ತನಿಗೆ ಬಂದಿತು.

ಪ್ರಿಮೊಜ್ ಎಂಬ ಹೆಸರಿಗೆ ಇಟಾಲಿಯನ್ನಿನಲ್ಲಿ ಸಿದ್ಧವಾದ ಪ್ರತಿರೂಪ ಪ್ರಿಮೊ. ಅದೂ ಅದೇ ಪ್ರಿಮುಸ್‌ನ ಮಗುವೇ. ನಾತ್ಸಿ ಶಿಬಿರದ ಅನುಭವಗಳನ್ನು ಬರೆದು ಲೋಕಪ್ರಸಿದ್ಧನಾದ ಟೂರಿನ್ ನಗರದ ಲೇಖಕ ಪ್ರಿಮೊ ಲೇವಿಯ ಹೆಸರು ಅದೇ. ಪ್ರಿಮೊ ಎಂಬುದರಲ್ಲಿ ದೋಷವೇನೂ ಇಲ್ಲ. ಅದು ಇಟಾಲಿಯನ್ನರ ಮನೆಯಲ್ಲಿ ಹುಟ್ಟಿ ಬೆಳೆದ ಸುಂದರವಾದ ಹೆಸರು. ಅನ್ಯಾಯವಿರುವುದು ಹೆಸರಿನಲ್ಲಲ್ಲ, ಬಲವಂತದಲ್ಲಿ. ಎರಡು ಹೆಸರುಗಳೂ ಒಂದೇ ಮೂಲದವಾದ್ದರಿಂದ 'ಬದಲಾಯಿಸಿದ್ದೇನು, ಒಂದು ಅಕ್ಷರ ತಾನೆ' ಎಂಬ ವಾದಕ್ಕೂ ಎಡೆಯಿತ್ತು. ಆದರೆ ಆ ಒಂದು ಅಕ್ಷರದಲ್ಲಿಯೇ ಸಾವಿರ ವರ್ಷದ ನುಡಿಯ ಚರಿತ್ರೆ ಅಡಗಿತ್ತೆಂಬುದನ್ನು ಮೇಲೆ ನೋಡಿದ್ದೇವೆ.

ಈ ಕಾಲದ ಒಂದು ಜೀವನವನ್ನು ಇಲ್ಲಿ ಹೇಳದಿದ್ದರೆ ಲೇಖನ ಪೂರ್ತಿಯಾಗದು. ಗೊರಿತ್ಸಿಯಾದಲ್ಲಿ ಲೊಯ್ಜೆ ಬ್ರಾತೂಜ್ ಎಂಬ ಸಂಗೀತಗಾರನಿದ್ದನು. ಚರ್ಚುಗಳಲ್ಲಿ ಸ್ಲೊವೀನ್ ಮೇಳಗಳನ್ನು ಕಟ್ಟಿ ಹಾಡಿಸುವುದು ಅವನ ಕೆಲಸ. ಅವನ ಮನೆತನದ ಹೆಸರೂ ಪ್ರಿಮೊಜ್ ಎಂಬುದರ ಕೊನೆಯಲ್ಲಿರುವ ಧ್ವನಿಯಿಂದಲೇ ಮುಗಿಯುವಂಥದು. ಸರಕಾರಿ ದಾಖಲೆಯಲ್ಲಿ ಅವನು ಲುಯಿಜಿ ಬೆರ್ತೊಸ್ಸಿಯಾದನು. ೧೯೩೬ರ ಡಿಸೆಂಬರ್ ೨೭ರಂದು ಪೊದ್ಗೋರಾ ಎಂಬಲ್ಲಿ ಚರ್ಚಿನ ಪೂಜೆಯಲ್ಲಿ ಹಾಡಿಸಿ ಹೊರಬಂದಾಗ ಫ್ಯಾಸಿಸ್ಟರು ಅವನನ್ನು ಹಿಡಿದು, ಹೊಡೆದು, ಯಂತ್ರಕ್ಕೆ ಬಳಸುವ ಎಣ್ಣೆಯನ್ನು ಬಲವಂತವಾಗಿ ಕುಡಿಸಿದರು. ೧೯೩೭ರ ಫೆಬ್ರವರಿ ೧೬ರಂದು ಅವನು ಪ್ರಾಣಬಿಟ್ಟನು. ಅವನನ್ನು ನಾಡು ಇಂದು ನೆನೆಯುವುದು ಬ್ರಾತೂಜ್ ಎಂದೇ ಹೊರತು ಬೆರ್ತೊಸ್ಸಿ ಎಂದಲ್ಲ.

೧೯೪೧ರಲ್ಲಿ ಸ್ಲೊವೀನರ ನಾಡನ್ನು ಜರ್ಮನಿ, ಇಟಲಿ, ಹಂಗೆರಿಗಳು ಹಂಚಿಕೊಂಡುವು. ಜರ್ಮನರ ಪಾಲಿಗೆ ಬಂದ ಭಾಗದಲ್ಲಿ ಊರಿನ ಹೆಸರುಗಳನ್ನೂ ಜನರ ಹೆಸರುಗಳನ್ನೂ ಜರ್ಮನ್ ರೂಪಕ್ಕೆ ತಂದರು. ಸ್ಲೊವೀನ್ ಪುಸ್ತಕಗಳನ್ನು ನಾಶಮಾಡಿದರು. ಉಪಾಧ್ಯಾಯರನ್ನೂ ಪಾದ್ರಿಗಳನ್ನೂ ಗಡೀಪಾರು ಮಾಡಿದರು. ಯುದ್ಧ ಮುಗಿದ ಬಳಿಕ ಯುಗೊಸ್ಲಾವಿಯಾದ ಆಳಿಕೆಯಲ್ಲಿ ಬೇರೊಂದು ವಿಧದ ತಿದ್ದುಪಡಿ ನಡೆಯಿತು. ೧೯೪೮ರ ಕಾನೂನಿನಂತೆ ಅನೇಕ ಊರುಗಳ ಹೆಸರಿನಿಂದ 'ಸಂತ' ಎಂಬ ವಿಶೇಷಣವನ್ನು ತೆಗೆದರು. ಆದರೆ ಮಕ್ಕಳು ಪ್ರಿಮೊಜ್ ಆಗಿಯೇ ಬೆಳೆದರು. ಸಂತನನ್ನು ನೆನೆಯದವರ ಮನೆಯಲ್ಲಿಯೂ ಈ ಹೆಸರು ಪ್ರಿಯವಾಗಲು, ಅದರ ಹಿಂದೆ ತ್ರೂಬಾರನ ನೆನಪೂ ನಿಂತಿದ್ದುದು ಅನುಕೂಲವಾಯಿತು.

ಇಟಲಿಯಲ್ಲಿ ೨೦೦೧ರ ಕಾನೂನು ಅಲ್ಲಿಯ ಸ್ಲೊವೀನ್ ಅಲ್ಪಸಂಖ್ಯಾತರ ಭಾಷಾ ರಕ್ಷಣೆಗೆ ಸಂಬಂಧಿಸಿದುದು. ತಮ್ಮ ಮಕ್ಕಳಿಗೆ ಸ್ಲೊವೀನ್ ಹೆಸರಿಡುವ, ಹೆಸರನ್ನು ಸ್ಲೊವೀನ್ ರೂಪದಲ್ಲಿಯೇ ಬರೆಸುವ ಹಕ್ಕೂ ಅದರಲ್ಲಿ ಸೇರಿದೆ. ೧೯೨೭ರಿಂದ ೨೦೦೧ರವರೆಗೆ ಲೆಕ್ಕ ಹಾಕಿದರೆ ಎಪ್ಪತ್ತನಾಲ್ಕು ವರ್ಷ. ಅಜ್ಜನಿಂದ ಕಸಿದುಕೊಂಡುದನ್ನು ಮೊಮ್ಮಗನ ಕಾಲಕ್ಕೆ ಕಾನೂನು ಮರಳಿ ಮಾನ್ಯಮಾಡಿತು.

೭. ಇಂದಿನ ಬಳಕೆ

ಇಂದು ಪ್ರಿಮೊಜ್ ಎಂಬುದು ಸ್ಲೊವೇನಿಯಾದಲ್ಲಿ ಎಲ್ಲರಿಗೂ ಪರಿಚಿತವಾದ ಹೆಸರು. ಸಂಗೀತ ರಚನಕಾರ ಪ್ರಿಮೊಜ್ ರಮೊವ್ಶ್ ೧೯೨೧ರಿಂದ ೧೯೯೯ರವರೆಗೆ ಬದುಕಿದ್ದನು. ಹಿಮದ ಇಳಿಜಾರಿನಿಂದ ಹಾರುವ ಕ್ರೀಡೆಯಲ್ಲಿ ಪ್ರಿಮೊಜ್ ಪೆತೆರ್ಕಾ ೧೯೯೭, ೧೯೯೮ರಲ್ಲಿ ವಿಶ್ವಕಪ್ ಗೆದ್ದನು. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸುತ್ತಿಗೆ ಎಸೆತದ ಚಿನ್ನದ ಪದಕ ಪ್ರಿಮೊಜ್ ಕೊಜ್ಮುಸ್‌ಗೆ ಬಂದಿತು. ಸೈಕಲ್ ಸವಾರ ಪ್ರಿಮೊಜ್ ರೋಗ್ಲಿಚ್ ಸ್ಪೇನಿನ ಮಹಾಸ್ಪರ್ಧೆಯನ್ನು ೨೦೧೯, ೨೦೨೦, ೨೦೨೧, ೨೦೨೪ರಲ್ಲಿ, ಇಟಲಿಯದನ್ನು ೨೦೨೩ರಲ್ಲಿ ಗೆದ್ದಿದ್ದಾನೆ. ಒಂದು ಕಾಲಕ್ಕೆ ಯಾವ ಧ್ವನಿಯನ್ನು ಕಾಗದದಿಂದ ಅಳಿಸಲು ಸರಕಾರ ಹೊರಟಿತ್ತೋ ಅದೇ ಧ್ವನಿಯಿಂದ ಮುಗಿಯುವ ಹೆಸರು ಇಟಲಿಯ ರಸ್ತೆಗಳಲ್ಲಿಯೇ ವಿಜೇತನ ಹೆಸರಾಗಿ ಕೇಳಿಬಂದಿತು.

ತ್ರೂಬಾರನ ಅಮೃತಶಿಲೆಯ ಪ್ರತಿಮೆ ೧೯೧೦ರಿಂದ ಲ್ಯುಬ್ಲ್ಯಾನಾದಲ್ಲಿ ನಿಂತಿದೆ. ಶಿಲ್ಪಿ ಫ್ರಾಂತ್ಸ್ ಬೆರ್ನೆಕೆರ್. ೨೦೦೭ರಲ್ಲಿ ಸ್ಲೊವೇನಿಯಾ ಯೂರೋ ನಾಣ್ಯವನ್ನು ತಂದಾಗ ಒಂದು ಯೂರೋ ನಾಣ್ಯದ ಮೇಲೆ ತ್ರೂಬಾರನ ಮುಖವನ್ನು ಅಚ್ಚೊತ್ತಿತು. ೨೦೧೦ರಿಂದ ಜೂನ್ ೮ನ್ನು ಪ್ರಿಮೊಜ್ ತ್ರೂಬಾರ್ ದಿನವೆಂದು ಆಚರಿಸುತ್ತಾರೆ. ಸಂತನ ಹಬ್ಬ ೯ರಂದು, ಗ್ರಂಥಕರ್ತನ ದಿನ ೮ರಂದು: ಒಂದೇ ಹೆಸರಿನ ಎರಡು ಅರ್ಥಗಳು ಪಂಚಾಂಗದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ನಾಡಿನ ನಾಣ್ಯದ ಮೇಲೆ ರಾಜನಲ್ಲ, ದಂಡನಾಯಕನಲ್ಲ, ಮಕ್ಕಳಿಗೆ ಬಾಲಬೋಧೆ ಬರೆದವನು ಇದ್ದಾನೆಂಬುದು ನಮ್ಮ ವೃತ್ತಿಯವರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ.

ಉಪಸಂಹಾರ

ಮೇಲಿನ ವಿಷಯದಿಂದ ಸಿದ್ಧವಾಗುವುದಿಷ್ಟು. ಹೆಸರೊಂದರ ಶುದ್ಧರೂಪವು ಅದರ ಮೂಲಭಾಷೆಯ ನಿಘಂಟಿನಲ್ಲಿ ಇರುವುದಿಲ್ಲ. ಅದನ್ನು ಹೊತ್ತವರ ಮನೆಯಲ್ಲಿ ಇರುತ್ತದೆ. ಪ್ರಿಮುಸ್ ಲ್ಯಾಟಿನ್ನಿನಲ್ಲಿ ಶುದ್ಧ, ಪ್ರಿಮೊ ಇಟಾಲಿಯನ್ನಿನಲ್ಲಿ ಶುದ್ಧ, ಪ್ರಿಮೊಜ್ ಸ್ಲೊವೀನಿನಲ್ಲಿ ಶುದ್ಧ. ಒಂದನ್ನು ಇನ್ನೊಂದರಿಂದ ತಿದ್ದಹೊರಟಲ್ಲಿ ವಿದ್ವತ್ತು ಮುಗಿದು ಅಧಿಕಾರ ಆರಂಭವಾಗುತ್ತದೆ.

ಸ್ಲೊವೀನರು ಅನುಭವಿಸಿದ ಬಲಾತ್ಕಾರವನ್ನು ನಮ್ಮ ಗಡಿನಾಡಿನ ಅನುಭವದೊಡನೆ ಸರಿದೂಗಿಸುವುದು ಸತ್ಯಕ್ಕೆ ಅಪಚಾರವಾದೀತು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ತಾಳವಾಡಿಯ ಮಗುವಿನ ಹೆಸರು ದಾಖಲೆಯಲ್ಲಿ ಬೇರೆಯಾಗಿ ಓದಿಸಿಕೊಂಡರೆ ಅದು ಲಿಪಿಯ ಸ್ವಭಾವವೇ ಹೊರತು ಯಾರ ದ್ವೇಷವೂ ಅಲ್ಲ. ಫ್ರೈಸಿಂಗಿನ ಪಾದ್ರಿಯ ಸಕಾರವನ್ನು ಸ್ಲಾವ ರೈತನು ಬೇರೆಯಾಗಿ ಕೇಳಿದನಲ್ಲ, ಅದೇ ವರ್ಗದ ಸಂಗತಿ ಇದು. ಆದರೆ ಅಜಾಗ್ರತೆಗೆ ಲಿಪಿಯ ನೆವ ಹೇಳುವಂತಿಲ್ಲ. ಶಾಲೆಗೆ ಮಗುವನ್ನು ಸೇರಿಸಿಕೊಳ್ಳುವ ದಿನ ತಾಯಿಯನ್ನು ಒಮ್ಮೆ ಕೇಳುವುದು, 'ಮನೆಯಲ್ಲಿ ಏನೆಂದು ಕರೆಯುತ್ತೀರಮ್ಮ?' ಎಂದು, ಆಕೆ ಹೇಳಿದುದನ್ನು ಕಿವಿಗೊಟ್ಟು ಕೇಳಿ, ಲಿಪಿಯು ಎಷ್ಟರಮಟ್ಟಿಗೆ ಒಪ್ಪುವುದೋ ಅಷ್ಟರಮಟ್ಟಿಗೆ ಹಾಗೆಯೇ ಬರೆದುಕೊಳ್ಳುವುದು, ಬರೆದುದು ಹೇಗೇ ಇರಲಿ, ನಾಳೆ ಬೆಳಗ್ಗೆ ಹಾಜರಿ ಕೂಗುವಾಗ ತಾಯಿ ಕರೆದಂತೆಯೇ ಕೂಗುವುದು. ಇಷ್ಟಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.